ಮುಪ್ಪಿನ ಖಿನ್ನತೆಯೂ ಮರೆವಿನ ರೋಗವೂ

ಮೈಸೂರು ನಗರಕ್ಕೆ ಪಿಂಚಣಿದಾರರ ಸ್ವರ್ಗವೆಂಬ ಬಿರುದು ಸಂದು ಬಹುಕಾಲವಾಯಿತು. ಹಿತವಾದ ಹವೆ, ಅಗಲವಾದ ಬೀದಿಗಳು, ಸಾಲುಮರಗಳ ನೆರಳು, ಕುಕ್ಕರಹಳ್ಳಿ ಕೆರೆಯ ಏರಿ, ಸಂಜೆಯ ವೇಳೆಗೆ ಎಲ್ಲಿಯಾದರೂ ಒಂದು ಉಪನ್ಯಾಸ ಅಥವಾ ಸಂಗೀತ ಕಚೇರಿ, ಇವುಗಳನ್ನು ನೆಚ್ಚಿ ಸೇವೆಯಿಂದ ನಿವೃತ್ತರಾದ ಎಷ್ಟೋ ಮಂದಿ ತಹಶೀಲ್ದಾರರೂ, ಉಪಾಧ್ಯಾಯರೂ, ಇಂಜಿನಿಯರುಗಳೂ, ಬ್ಯಾಂಕಿನ ನೌಕರರೂ ಸರಸ್ವತೀಪುರ, ಜಯಲಕ್ಷ್ಮೀಪುರ, ಕುವೆಂಪುನಗರ ಮೊದಲಾದ ಬಡಾವಣೆಗಳಲ್ಲಿ ಮನೆ ಮಾಡಿಕೊಂಡು ನೆಲೆಸಿರುವರು. ಈ ಸ್ವರ್ಗವನ್ನು ವರ್ಣಿಸುವವರಿಗೆ ಕೊರತೆಯಿಲ್ಲ. ಆದರೆ ಸ್ವರ್ಗದೊಳಗಿರುವವರ ಮನಸ್ಸು ಹೇಗಿರುವುದೆಂದು ವಿಚಾರಿಸಿದವರು ಎಷ್ಟು ಮಂದಿ?

ನಗರದ ಯಾವ ಬೀದಿಯಲ್ಲಿಯಾದರೂ ಕಾಣಬಹುದಾದ ಒಂದು ಸ್ಥಿತಿಯನ್ನು ವಾಚಕರು ಭಾವಿಸಿಕೊಳ್ಳಲಿ. ಮೂವತ್ತು ಮೂವತ್ತೈದು ವರ್ಷಗಳ ಕಾಲ ಕಛೇರಿಯಲ್ಲಿ ಹತ್ತು ಮಂದಿಯನ್ನು ನಡೆಸಿದ ಗೃಹಸ್ಥರೊಬ್ಬರು ನಿವೃತ್ತರಾಗಿ ಕೆಲವು ವರ್ಷಗಳಾಗಿರುವುವು. ಮಕ್ಕಳಲ್ಲಿ ಒಬ್ಬನು ಬೆಂಗಳೂರಿನಲ್ಲಿ, ಒಬ್ಬಳು ಅಮೆರಿಕದಲ್ಲಿ. ಮನೆಯಾಕೆ ತೀರಿಕೊಂಡ ಮೇಲೆ ಅವರು ಕೆರೆಯ ಏರಿಯ ಮೇಲೆ ಅಡ್ಡಾಡುವುದನ್ನು ಬಿಟ್ಟರು. ಬೆಳಗಿನ ಪತ್ರಿಕೆ ಮಡಿಸಿದಂತೆಯೇ ಬಿದ್ದಿರುವುದು. ಅನ್ನ ಸೇರದು, ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಇಲ್ಲ, ಏನು ಕೇಳಿದರೂ ‘ಏನೂ ಬೇಡ’ ಎಂಬ ಒಂದೇ ಉತ್ತರ. ಕೆಲವು ತಿಂಗಳಾದ ಮೇಲೆ ಬ್ಯಾಂಕಿನ ಪುಸ್ತಕವನ್ನು ಎಲ್ಲಿಟ್ಟರೆಂಬುದು ಮರೆಯುವುದು, ನೆಂಟರ ಹೆಸರು ನಾಲಗೆಗೆ ಬಾರದು. ಆಗ ಮನೆಯವರು ‘ವಯಸ್ಸಾಯಿತಲ್ಲ’ ಎನ್ನುವರು. ನೆರೆಯವರು ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಸುಮ್ಮನಾಗುವರು. ಅಲ್ಲಿಗೆ ವಿಚಾರವು ಮುಗಿಯಿತು.

ನಮ್ಮ ಆಕ್ಷೇಪಣೆ ಇರುವುದು ಈ ಗಾದೆಯ ಮೇಲೆಯೇ. ಗಾದೆಗಳು ಜನರ ಅನುಭವದ ಸಾರವೆಂಬುದನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಈ ಒಂದು ಗಾದೆಯು ನೂರಾರು ವರ್ಷಗಳಿಂದ ಎರಡು ಬೇರೆ ಬೇರೆ ರೋಗಗಳನ್ನು ಒಂದೇ ಕಂಬಳಿಯ ಕೆಳಗೆ ಮುಚ್ಚಿಟ್ಟಿರುವುದು. ಒಂದು, ಮುಪ್ಪಿನಲ್ಲಿ ಬರುವ ಖಿನ್ನತೆ. ಇನ್ನೊಂದು, ವೈದ್ಯರು ಡಿಮೆನ್ಷಿಯ ಎಂದು ಕರೆಯುವ, ಬುದ್ಧಿಶಕ್ತಿಯು ಕ್ರಮೇಣ ಸವೆದುಹೋಗುವ ರೋಗ. ಇವೆರಡೂ ವಯಸ್ಸಿನ ಸಹಜ ಧರ್ಮಗಳಲ್ಲ. ಮೊದಲನೆಯದನ್ನು ಬಹುಪಾಲು ಗುಣಪಡಿಸಬಹುದು. ಎರಡನೆಯದನ್ನು ಗುಣಪಡಿಸುವ ಔಷಧವು ಇನ್ನೂ ಕೈಗೆ ಬಂದಿಲ್ಲ. ಹೀಗಿರುವಾಗ ಮೊದಲನೆಯದು ಎರಡನೆಯದಕ್ಕೆ ದಾರಿಮಾಡಿಕೊಡುವುದೆಂದು ತಿಳಿದುಬಂದರೆ, ಗುಣಪಡಿಸಬಹುದಾದುದನ್ನು ಗುಣಪಡಿಸದೆ ಬಿಡುವುದು ಎಂತಹ ಅಪರಾಧವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಹೆಸರುಗಳ ವಿಷಯದಲ್ಲಿ ಒಂದು ಮಾತು. ಡಿಮೆನ್ಷಿಯಕ್ಕೆ ನಮ್ಮಲ್ಲಿ ಮರೆಗುಳಿತನ, ಮರೆವಿನ ರೋಗ, ಬುದ್ಧಿಭ್ರಮಣೆ ಎಂದು ಒಬ್ಬೊಬ್ಬರು ಒಂದೊಂದು ಹೆಸರನ್ನು ಕೊಡುತ್ತಿರುವರು. ಕೆಲವರು ಬುದ್ಧಿಮಾಂದ್ಯವೆಂದು ಬರೆದು, ಹುಟ್ಟಿನಿಂದ ಬರುವ ಬೇರೊಂದು ಸ್ಥಿತಿಯೊಡನೆ ಇದನ್ನು ಬೆರೆಸಿಬಿಡುವರು. ನಾವು ಮರೆವಿನ ರೋಗವೆಂಬ ಮಾತನ್ನು ಬಳಸಿದ್ದೇವೆ. ಆದರೆ ಅದೂ ಸಾಲದು. ಈ ರೋಗದಲ್ಲಿ ಹೋಗುವುದು ನೆನಪು ಮಾತ್ರವಲ್ಲ. ಲೆಕ್ಕ, ಮಾತು, ದಾರಿಯ ಗುರುತು, ವಿವೇಚನೆ, ಕಡೆಗೆ ಉಡುವ ಉಣ್ಣುವ ಅಭ್ಯಾಸವೂ ಒಂದೊಂದಾಗಿ ಕಳಚಿಕೊಳ್ಳುವುವು. ಸರಿಯಾದ ಹೆಸರಿಲ್ಲದ ರೋಗವನ್ನು ಜನರು ರೋಗವೆಂದೇ ಎಣಿಸುವುದಿಲ್ಲ. ನಮ್ಮ ವೈದ್ಯರೂ ಪಂಡಿತರೂ ಒಂದು ಕಡೆ ಕುಳಿತು ಒಂದು ಮಾತನ್ನು ನಿಶ್ಚಯಿಸುವುದು ಒಳ್ಳೆಯದು.

ಇನ್ನು ಅಂಕಿಗಳಿಗೆ ಬರೋಣ. ಭಾರತ ಸರ್ಕಾರದವರು 2017-18ರಲ್ಲಿ ನಡೆಸಿದ ವೃದ್ಧಾಪ್ಯದ ಅಧ್ಯಯನದಲ್ಲಿ, ಅರವತ್ತು ದಾಟಿದವರಲ್ಲಿ ನೂರಕ್ಕೆ 8.3ರಷ್ಟು ಮಂದಿಗೆ ತೀವ್ರ ಖಿನ್ನತೆಯ ಲಕ್ಷಣಗಳು ಕಂಡುಬಂದುವು. ಇಂತಹ ರೋಗವಿದೆಯೆಂದು ವೈದ್ಯರಿಂದ ತಿಳಿದುಕೊಂಡಿದ್ದವರಾದರೋ ನೂರಕ್ಕೆ 0.8ರಷ್ಟು. ಎಂದರೆ ಹತ್ತರಲ್ಲಿ ಒಂಬತ್ತು ಪಾಲು ರೋಗವು ಹೆಸರಿಲ್ಲದೆ, ಚಿಕಿತ್ಸೆಯಿಲ್ಲದೆ ಮನೆಯ ಮೂಲೆಯಲ್ಲಿ ಕುಳಿತಿರುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ, ವಯಸ್ಕರೆಲ್ಲರನ್ನೂ ಸೇರಿಸಿ, ಖಿನ್ನತೆಯುಳ್ಳವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿಲ್ಲವೆಂದು ಹೇಳಿತು. ಮೇಲ್ಕಂಡ ವೃದ್ಧಾಪ್ಯದ ಅಧ್ಯಯನದ ಒಂದು ಅಂಗವಾಗಿ ನಡೆದ ಪರೀಕ್ಷೆಗಳಿಂದ, ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಕ್ಕೆ ಒಳಗಾಗಿರುವರೆಂದು 2023ರಲ್ಲಿ ಪ್ರಕಟವಾಯಿತು. 2036ರ ವೇಳೆಗೆ ಈ ಸಂಖ್ಯೆಯು 1 ಕೋಟಿ 69 ಲಕ್ಷಕ್ಕೆ ಏರಬಹುದೆಂಬುದು ಅದೇ ವಿದ್ವಾಂಸರ ಅಂದಾಜು. ಪುರುಷರಿಗಿಂತ ಸ್ತ್ರೀಯರಲ್ಲಿಯೂ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ ಇದು ಹೆಚ್ಚೆಂಬುದನ್ನು ವಾಚಕರು ಗಮನಿಸತಕ್ಕದ್ದು.

ಈ ಎರಡು ರೋಗಗಳಿಗೆ ಇರುವ ಸಂಬಂಧವೇನು? ಖಿನ್ನತೆಯಿಂದ ನರಳಿದವರಲ್ಲಿ ಮುಂದೆ ಡಿಮೆನ್ಷಿಯವು ಉಳಿದವರಿಗಿಂತ ಹೆಚ್ಚಾಗಿ ಬರುವುದೆಂಬುದರಲ್ಲಿ ವಿದ್ವಾಂಸರಿಗೆ ಈಗ ಸಂದೇಹವಿಲ್ಲ. ವಿವಾದವಿರುವುದು ಬೇರೊಂದು ಕಡೆ. ಖಿನ್ನತೆಯೇ ಡಿಮೆನ್ಷಿಯಕ್ಕೆ ಕಾರಣವೋ, ಅಥವಾ ಮೆದುಳಿನಲ್ಲಿ ಆಗಲೇ ಮೊಳೆತ ಡಿಮೆನ್ಷಿಯವು ಮೊದಲು ಖಿನ್ನತೆಯ ವೇಷದಲ್ಲಿ ಕಾಣಿಸಿಕೊಳ್ಳುವುದೋ ಎಂಬುದು ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಿದ ಒಂದು ಅಧ್ಯಯನವು ನಮ್ಮ ಅಧಿಕಾರಿ ವರ್ಗದವರಿಗೆ ವಿಶೇಷವಾಗಿ ಸ್ವಾರಸ್ಯಕರವಾಗಿ ತೋರಬಹುದು. ಏಕೆಂದರೆ ಅದು ನಡೆದುದು ಸರ್ಕಾರಿ ನೌಕರರ ಮೇಲೆಯೇ. ಲಂಡನ್ನಿನ ಸರ್ಕಾರಿ ಕಛೇರಿಗಳಲ್ಲಿ ಕೆಲಸಮಾಡುತ್ತಿದ್ದ 35ರಿಂದ 55 ವರ್ಷ ವಯಸ್ಸಿನ 10,189 ಮಂದಿಯನ್ನು 1985ರಿಂದ ಹಿಡಿದು ಸುಮಾರು ಮೂವತ್ತು ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿದರು. ನಡುವಯಸ್ಸಿನಲ್ಲಿ ಖಿನ್ನರಾಗಿದ್ದವರಿಗೆ ಮುಂದೆ ಡಿಮೆನ್ಷಿಯವು ಹೆಚ್ಚಾಗಿ ಬಂದಂತೆ ಕಾಣಲಿಲ್ಲ. ಆದರೆ ವಯಸ್ಸಾದ ಮೇಲೆ ಖಿನ್ನರಾದವರಲ್ಲಿ ಅದು ಸುಮಾರು ಒಂದೂಮುಕ್ಕಾಲು ಪಾಲಿನಷ್ಟು ಹೆಚ್ಚಾಗಿತ್ತು. ಡಿಮೆನ್ಷಿಯ ಬಂದವರ ಹಳೆಯ ದಾಖಲೆಗಳನ್ನು ತಿರುವಿ ನೋಡಿದಾಗ, ರೋಗವು ಗೊತ್ತಾಗುವುದಕ್ಕೆ ಸುಮಾರು ಹನ್ನೊಂದು ವರ್ಷಗಳ ಮುಂಚೆಯೇ ಅವರ ಮನಸ್ಸು ಕುಗ್ಗತೊಡಗಿತ್ತೆಂದು ತಿಳಿದುಬಂದಿತು. 2017ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ, ಖಿನ್ನತೆಯು ಕಾರಣವಲ್ಲ, ಮುನ್ಸೂಚನೆ ಮಾತ್ರ ಎಂಬ ಪಕ್ಷಕ್ಕೆ ಬಲ ಬಂದಿತು.

ಆದರೆ 2023ರಲ್ಲಿ ಡೆನ್ಮಾರ್ಕಿನಿಂದ ಬಂದ ಸಾಕ್ಷ್ಯವು ಬೇರೆ ಮಾತನ್ನು ಹೇಳಿತು. ಆ ದೇಶದವರು 1977ರಿಂದ 2018ರವರೆಗಿನ ಆಸ್ಪತ್ರೆಯ ದಾಖಲೆಗಳಿಂದ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಯ ವೃತ್ತಾಂತವನ್ನು ಹೋಲಿಸಿ ನೋಡಿದರು. ಖಿನ್ನತೆಯು ಯೌವನದಲ್ಲಿ ಬಂದಿರಲಿ, ನಡುವಯಸ್ಸಿನಲ್ಲಿ ಬಂದಿರಲಿ, ಮುಪ್ಪಿನಲ್ಲಿ ಬಂದಿರಲಿ, ಅಂತಹವರಿಗೆ ಡಿಮೆನ್ಷಿಯದ ಅಪಾಯವು ಉಳಿದವರ ಎರಡರಷ್ಟಕ್ಕೂ ಮೀರಿತ್ತು. ಪುರುಷರಲ್ಲಿ ಸುಮಾರು ಮೂರರಷ್ಟು. ಇಪ್ಪತ್ತು ಮೂವತ್ತು ವರ್ಷ ಮೊದಲು ಬಂದ ಖಿನ್ನತೆಯನ್ನು ಮುನ್ಸೂಚನೆಯೆಂದು ಹೇಳಿ ತಳ್ಳಿಬಿಡುವುದು ಸುಲಭವಲ್ಲ. ಲಂಡನ್ನಿನವರು ಪ್ರಶ್ನಾವಳಿಯಿಂದ ಅಳೆದದ್ದು ಮನಸ್ಸಿನ ಸಾಧಾರಣ ಕುಗ್ಗುವಿಕೆಯನ್ನೂ ಒಳಗೊಂಡಿತ್ತು. ಡೆನ್ಮಾರ್ಕಿನವರು ಎಣಿಸಿದುದು ಆಸ್ಪತ್ರೆಯವರೆಗೆ ಹೋಗುವಷ್ಟು ತೀವ್ರವಾದ ರೋಗವನ್ನು. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಎರಡು ಮಾತುಗಳೂ ನಿಜವಾಗಿರಬಹುದೆಂದು ನಮಗೆ ತೋರುವುದು. ಕೆಲವರಲ್ಲಿ ಇದು ಬೇರು, ಕೆಲವರಲ್ಲಿ ಮೊಳಕೆ.

ಬೇರಾಗುವುದು ಹೇಗೆಂಬುದಕ್ಕೂ ವೈದ್ಯಶಾಸ್ತ್ರವು ಸಮಾಧಾನವನ್ನು ಕೊಡುವುದು. ಬಹುಕಾಲ ಮನಸ್ಸು ಕುಗ್ಗಿದ್ದರೆ ದೇಹದಲ್ಲಿ ಕಾರ್ಟಿಸಾಲ್ ಎಂಬ ರಸವು ಹೆಚ್ಚಾಗಿ ಸ್ರವಿಸುವುದುಂಟು. ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಮೆದುಳಿನ ಭಾಗಕ್ಕೆ ಇದು ಹಿತವಲ್ಲ. ಖಿನ್ನತೆಯುಳ್ಳವರಲ್ಲಿ ಹೃದಯದ ಮತ್ತು ರಕ್ತನಾಳಗಳ ರೋಗವೂ ಹೆಚ್ಚು. ಮೆದುಳಿನ ಸಣ್ಣ ರಕ್ತನಾಳಗಳು ಕೆಟ್ಟರೆ ಬುದ್ಧಿಯೂ ಮಂಕಾಗುವುದು, ಮನಸ್ಸೂ ಮಂಕಾಗುವುದು. ಇವುಗಳ ಮೇಲೆ, ಖಿನ್ನನಾದವನು ನಡೆಯುವುದಿಲ್ಲ, ಓದುವುದಿಲ್ಲ, ಜನರೊಡನೆ ಸೇರುವುದಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಸರಿಯಾಗಿ ನುಂಗುವುದಿಲ್ಲ. ಮೆದುಳನ್ನು ಕಾಪಾಡುವ ಅಭ್ಯಾಸಗಳೆಲ್ಲವನ್ನೂ ಈ ಒಂದು ರೋಗವು ಒಟ್ಟಿಗೆ ಕಿತ್ತುಕೊಳ್ಳುವುದು. ರೋಗವನ್ನು ಬೆಳೆಸತಕ್ಕವುಗಳಲ್ಲಿ ವಿಷಾದಕ್ಕೆ ಚರಕಸಂಹಿತೆಯು ಅಗ್ರಸ್ಥಾನವನ್ನು ಕೊಟ್ಟಿರುವುದನ್ನು ನಮ್ಮ ಆಯುರ್ವೇದ ಪಂಡಿತರು ಬಲ್ಲರು. ಪಾಶ್ಚಾತ್ಯರಿಂದ ಬಂದುದೆಂಬ ಕಾರಣಕ್ಕಾಗಿ ಈ ವಿಚಾರವನ್ನು ಶಂಕಿಸುವವರು ಯಾರಾದರೂ ಇದ್ದರೆ ಅವರಿಗೆ ಇಷ್ಟು ಸಾಕು.

ಕಾರಣವೋ ಮುನ್ಸೂಚನೆಯೋ ಎಂಬ ವಿವಾದವನ್ನು ವಿದ್ವಾಂಸರು ತೀರ್ಮಾನಿಸಿಕೊಳ್ಳಲಿ. ಮನೆಯಲ್ಲಿರುವ ಮಗನಿಗೂ ಸೊಸೆಗೂ, ಊರಿನ ವೈದ್ಯರಿಗೂ ಅದರಿಂದ ಕರ್ತವ್ಯದಲ್ಲಿ ವ್ಯತ್ಯಾಸವಾಗುವುದಿಲ್ಲ. ಖಿನ್ನತೆಯು ಕಾರಣವಾಗಿದ್ದರೆ ಚಿಕಿತ್ಸೆ ಮಾಡಿಸಿ ಮುಂದಿನ ಅಪಾಯವನ್ನು ತಗ್ಗಿಸಬೇಕು. ಮುನ್ಸೂಚನೆಯಾಗಿದ್ದರೆ ಬೇಗನೆ ಪರೀಕ್ಷೆ ಮಾಡಿಸಿ ಮುಂದಿನ ಏರ್ಪಾಟನ್ನು ಮಾಡಬೇಕು. ಎರಡೂ ಅಲ್ಲದೆ ಹೋದರೂ ಒಬ್ಬ ಮನುಷ್ಯನು ದುಃಖದಿಂದ ಬಿಡುಗಡೆ ಹೊಂದುವನು. ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಖಿನ್ನತೆಗೆ ಚಿಕಿತ್ಸೆ ಪಡೆದವರಿಗೆ ಪಡೆಯದವರಿಗಿಂತ ಡಿಮೆನ್ಷಿಯದ ಅಪಾಯವು ನೂರಕ್ಕೆ ಸುಮಾರು 30ರಷ್ಟು ಕಡಿಮೆಯಾಗಿತ್ತು. ಇದು ಚೀಟಿಯೆತ್ತಿ ರೋಗಿಗಳನ್ನು ಎರಡು ಗುಂಪಾಗಿ ಹಂಚಿ ಮಾಡಿದ ಪರೀಕ್ಷೆಯಲ್ಲ, ನಡೆದುದನ್ನು ನೋಡಿ ಬರೆದುದು. ಆದುದರಿಂದ ಚಿಕಿತ್ಸೆಯಿಂದಲೇ ಹೀಗಾಯಿತೆಂದು ಶಪಥಮಾಡುವಂತಿಲ್ಲ. ಆದರೂ ಆಶೆಗೆ ಇದು ತಕ್ಕ ಆಧಾರವೇ ಸರಿ.

ಅತಿಶಯೋಕ್ತಿಯನ್ನೂ ನಾವು ಮಾಡಲೊಲ್ಲೆವು. ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯು ನೇಮಿಸಿದ ಪಂಡಿತ ಮಂಡಳಿಯು 2024ರಲ್ಲಿ, ತಡೆಯಬಹುದಾದ ಹದಿನಾಲ್ಕು ಕಾರಣಗಳನ್ನು ಎಣಿಸಿ, ಇವೆಲ್ಲವನ್ನೂ ನಿವಾರಿಸಿದರೆ ಲೋಕದಲ್ಲಿ ಡಿಮೆನ್ಷಿಯದ ನೂರಕ್ಕೆ 45 ಪಾಲನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದೆಂದು ಹೇಳಿತು. ಅದರಲ್ಲಿ ಖಿನ್ನತೆಯೊಂದರ ಪಾಲು 3 ಮಾತ್ರ. ಕಿವುಡುತನದ ಪಾಲು 7, ಒಂಟಿತನದ್ದು 5. ಆದರೆ ಲೆಕ್ಕದ ಪುಸ್ತಕದಲ್ಲಿ ಬೇರೆ ಬೇರೆ ಸಾಲುಗಳಲ್ಲಿರುವ ಇವು ಮನೆಯಲ್ಲಿ ಬೇರೆ ಬೇರೆಯಾಗಿರುವುದಿಲ್ಲ. ಕಿವಿ ಕೇಳಿಸದ ತಾತನು ಮಾತಿನ ನಡುವೆ ಕುಳಿತು ಏನೂ ತಿಳಿಯದೆ ಬೆಪ್ಪಾಗುವನು; ನಾಲ್ಕು ಸಲ ‘ಏನು?’ ಎಂದು ಕೇಳಿ ನಾಚಿ ಒಳಗೆ ಎದ್ದು ಹೋಗುವನು. ಒಳಗೆ ಹೋದವನು ಒಂಟಿಯಾಗುವನು, ಒಂಟಿಯಾದವನು ಕುಗ್ಗುವನು. ಇದನ್ನು ಅರಳು ಮರಳೆಂದು ಕರೆಯುವ ಮನೆಯಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮೂರು ನಾಲ್ಕು ಮೈಲಿಗಳ ದೂರವಿರಬಹುದು. 1965ರಲ್ಲಿ ಸ್ಥಾಪಿತವಾಗಿ ಮಾನಸಗಂಗೋತ್ರಿಯಲ್ಲಿರುವ ಈ ಸಂಸ್ಥೆಗೆ ದೇಶದ ನಾನಾ ಕಡೆಗಳಿಂದ ಜನರು ಬರುತ್ತಿರುವಾಗ, ಇದೇ ಊರಿನ ಮುದುಕರು ಕಿವಿಯ ಪರೀಕ್ಷೆಯಿಲ್ಲದೆ ಮೂಲೆಗೆ ಸೇರುವುದು ಶೋಚನೀಯವಲ್ಲವೆ?

ಇನ್ನೂ ಒಂದು ಮುಖ್ಯ ವಿಷಯವುಂಟು. ಖಿನ್ನತೆಯೇ ಡಿಮೆನ್ಷಿಯದ ರೂಪವನ್ನು ತಾಳುವುದುಂಟು. ಇದಕ್ಕೆ ಹುಸಿ ಡಿಮೆನ್ಷಿಯ ಎನ್ನಬಹುದಾದ ಹೆಸರನ್ನು 1961ರಲ್ಲಿ ಕೈಲೋ ಎಂಬ ಮನೋವೈದ್ಯನು ತನ್ನ ಲೇಖನದಿಂದ ಪ್ರಚಾರಕ್ಕೆ ತಂದನು. ಖಿನ್ನನಾದ ವೃದ್ಧನು ತನ್ನ ಮರೆವನ್ನು ತಾನೇ ಹೇಳಿಕೊಂಡು ಕೊರಗುವನು. ಪ್ರಶ್ನೆಗೆ ಯತ್ನಿಸದೆಯೇ ‘ನನಗೆ ಗೊತ್ತಿಲ್ಲ’ ಎನ್ನುವನು. ಮರೆವು ಶುರುವಾದುದು ಯಾವಾಗಿನಿಂದ ಎಂಬುದನ್ನು ಮನೆಯವರು ತಿಂಗಳು ಹಿಡಿದು ಹೇಳಬಲ್ಲರು. ನಿಜವಾದ ಡಿಮೆನ್ಷಿಯದಲ್ಲಿ ಅನೇಕರು ತಮಗೇನೂ ಆಗಿಲ್ಲವೆಂದು ಸಾಧಿಸುವರು, ಮರೆತುದನ್ನು ಕಟ್ಟುಕಥೆಯಿಂದ ತುಂಬಿಸುವರು. ಅದು ಯಾವಾಗ ಶುರುವಾಯಿತೆಂದು ಯಾರಿಗೂ ನಿಶ್ಚಯವಾಗಿ ತಿಳಿಯದು. ಈ ಲಕ್ಷಣಗಳು ದಾರಿ ತೋರಿಸುವುವೇ ಹೊರತು ತೀರ್ಪನ್ನು ಕೊಡವು, ತೀರ್ಪು ವೈದ್ಯರದು. ಹುಸಿ ಡಿಮೆನ್ಷಿಯವು ಚಿಕಿತ್ಸೆಯಿಂದ ಇಳಿದುಹೋದವರಲ್ಲಿಯೂ ಕೆಲವರಿಗೆ ಕೆಲವು ವರ್ಷಗಳಾದ ಮೇಲೆ ನಿಜವಾದುದು ಬರುವುದುಂಟಾದುದರಿಂದ ಅಂತಹವರ ಮೇಲೆ ಕಣ್ಣಿಟ್ಟಿರುವುದು ಅವಶ್ಯಕ.

ಬಿ-12 ಎಂಬ ಜೀವಸತ್ವದ ಕೊರತೆಯಿಂದಲೂ, ಥೈರಾಯಿಡ್ ಗ್ರಂಥಿಯ ಮಾಂದ್ಯದಿಂದಲೂ ಮನಸ್ಸು ಕುಗ್ಗುವುದು, ನೆನಪು ಕೆಡುವುದು. ಮಾಂಸವನ್ನು ಮುಟ್ಟದೆ, ಹಾಲು ಮೊಸರನ್ನೂ ವಯಸ್ಸಿನ ನೆಪದಲ್ಲಿ ಕಡಿಮೆಮಾಡಿದ ಮನೆಗಳಲ್ಲಿ ಬಿ-12ರ ಕೊರತೆಯು ಅಪರೂಪವಲ್ಲ. ಒಂದು ರಕ್ತಪರೀಕ್ಷೆಯಿಂದ ಗೊತ್ತಾಗುವ, ಕೆಲವು ಸೂಜಿಮದ್ದುಗಳಿಂದ ಸರಿಹೋಗಬಹುದಾದ ಈ ಕೊರತೆಯನ್ನು ಪ್ರಾರಬ್ಧವೆಂದು ಸಹಿಸುತ್ತಿರುವವರು ಎಷ್ಟು ಮಂದಿ ಇರುವರೋ! ಇದಕ್ಕಿಂತ ಕೆಟ್ಟದ್ದು ನಿದ್ರೆಯ ಗುಳಿಗೆಯ ಚಟ. ಯಾವುದೋ ಕಾಲದಲ್ಲಿ ಡಾಕ್ಟರು ಹದಿನೈದು ದಿನಗಳಿಗೆ ಬರೆದುಕೊಟ್ಟ ಆಲ್ಪ್ರಜೋಲಾಮ್ ಮುಂತಾದ ಗುಳಿಗೆಗಳನ್ನು ಅದೇ ಹಳೆಯ ಚೀಟಿ ತೋರಿಸಿ ವರ್ಷಾನುಗಟ್ಟಲೆ ಕೊಂಡು ನುಂಗುವ ಹಿರಿಯರುಂಟು. ಅವುಗಳಿಂದ ಹಗಲು ಮಂಪರು, ನಡೆಯುವಾಗ ಬೀಳುವಿಕೆ, ಬುದ್ಧಿಯ ಗೊಂದಲ. ಹಳೆಯ ಕಾಲದ ಕೆಲವು ಖಿನ್ನತೆಯ ಔಷಧಗಳೂ ವೃದ್ಧರ ನೆನಪಿಗೆ ಒಳ್ಳೆಯವಲ್ಲ. ಆದುದರಿಂದ ಅಂಗಡಿಯವನ ಸಲಹೆಯಿಂದ ಔಷಧವನ್ನು ತರುವುದೂ ತಪ್ಪು, ನಡೆಯುತ್ತಿರುವ ಗುಳಿಗೆಯನ್ನು ತಾವಾಗಿಯೇ ಒಮ್ಮೆಗೆ ನಿಲ್ಲಿಸುವುದೂ ತಪ್ಪು.

ನಮ್ಮ ನಾಡಿನಲ್ಲಿ ಈ ವಿಚಾರದಲ್ಲಿ ಕೆಲಸವೇ ನಡೆದಿಲ್ಲವೆಂದು ಯಾರೂ ತಿಳಿಯದಿರಲಿ. ಮೈಸೂರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕವನ್ನೂ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ದಾಖಲೆಯ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕಗಳ ಸಹಾಯದಿಂದ, ಅಲ್ಲಿ ಹುಟ್ಟಿ ಈಗ ವೃದ್ಧರಾದ 721 ಮಂದಿಯನ್ನು, 55ರಿಂದ 80 ವರ್ಷದೊಳಗಿನವರನ್ನು, ಪತ್ತೆಮಾಡಿ ಅವರ ಬುದ್ಧಿಶಕ್ತಿಯನ್ನೂ ಮನಸ್ಸಿನ ಆರೋಗ್ಯವನ್ನೂ ಪರೀಕ್ಷಿಸಿದರು. ಹುಟ್ಟುವಾಗ ತೂಕ ಹೆಚ್ಚಾಗಿದ್ದವರ ಬುದ್ಧಿಶಕ್ತಿಯು ಮುಪ್ಪಿನಲ್ಲಿ ಸ್ವಲ್ಪ ಮೇಲಾಗಿತ್ತು. ಆದರೆ ಅವರ ವಿದ್ಯೆ ಮತ್ತು ಜೀವನದ ಸ್ಥಿತಿಗತಿಗಳನ್ನು ಗಣಿಸಿದಾಗ ಆ ವ್ಯತ್ಯಾಸವು ತಗ್ಗಿತು. ತಾಯಿಯ ವಿದ್ಯೆಗೂ ಇದರಲ್ಲಿ ಪಾಲಿತ್ತು. ಇಂತಹ ದಾಖಲೆಗಳಿರುವ ಆಸ್ಪತ್ರೆ ಅಪರೂಪ. ಗುಮಾಸ್ತರೋ ದಾದಿಯರೋ ಬರೆದಿಟ್ಟ ಒಂದು ಸಾಲು ಎಂಭತ್ತು ವರ್ಷಗಳ ಮೇಲೆ ಶಾಸ್ತ್ರಕ್ಕೆ ಒದಗಿತೆಂಬುದನ್ನು ನಮ್ಮ ಕಛೇರಿಗಳ ದಫ್ತರಖಾನೆಯವರು ಗಮನಿಸುವರೆಂದು ನಂಬುವೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ವರ್ಷ ದಾಟಿದ ಹತ್ತು ಸಾವಿರ ಮಂದಿಯನ್ನು ಬಹುಕಾಲ ಹಿಂಬಾಲಿಸಿ ಪರೀಕ್ಷಿಸುವ ಕಾರ್ಯವನ್ನು 2018ರಲ್ಲಿ ಕೈಕೊಂಡರು. ಲಂಡನ್ನಿನ ಗುಮಾಸ್ತರ ಲೆಕ್ಕದಿಂದ ನಮ್ಮ ಮಾವಿನ ತೋಟದ ರೈತರ ಭವಿಷ್ಯವನ್ನು ಹೇಳುವ ಕಾಲವು ಕೊನೆಗಾಣಬೇಕಾದರೆ ಇಂತಹ ಕಾರ್ಯವು ನಡೆಯಬೇಕು.

ಇದುವರೆಗೆ ಪಿಂಚಣಿದಾರರ ಮಾತನ್ನೇ ಆಡಿದೆವು. ಆದರೆ ಪಿಂಚಣಿಯಿಲ್ಲದವರ ಪಾಡೇನು? ಊದುಬತ್ತಿ ಹೊಸೆದು, ಬೀಡಿ ಸುತ್ತಿ, ನಾಲ್ಕು ಮನೆಗಳಲ್ಲಿ ಪಾತ್ರೆ ಬೆಳಗಿ ಮಕ್ಕಳನ್ನು ಸಾಕಿದ ಹೆಂಗಸಿಗೆ ನಿವೃತ್ತಿಯೆಂಬುದೇ ಇಲ್ಲ; ಕೈಲಾಗದ ದಿನ ಬಂದಾಗ ಅವಳಿಗೆ ಬೇಸರಪಡುವುದಕ್ಕೂ ಪುರಸೊತ್ತಿಲ್ಲವೆಂದು ಲೋಕವು ತಿಳಿದಿರುವುದು. ಅವಳು ಮನಸ್ಸಿನ ನೋವನ್ನು ಮನಸ್ಸಿನ ನೋವೆಂದು ಹೇಳಳು. ಎದೆಯುರಿ, ತಲೆಭಾರ, ಮೈ ಕೈ ನೋವು, ನಿತ್ರಾಣ ಎನ್ನುವಳು. ಶಕ್ತಿಯ ಗುಳಿಗೆ ಕೊಟ್ಟು ಕಳುಹಿಸುವರು. ಓದು ಬರಹವಿಲ್ಲದಿರುವುದು, ವೈಧವ್ಯ, ಬಡತನ ಈ ಮೂರೂ ಸೇರಿದ ಕಡೆ ಎರಡು ರೋಗಗಳ ಅಪಾಯವೂ ಹೆಚ್ಚು. ಡಿಮೆನ್ಷಿಯ ಬಂದವರನ್ನು ಹಗಲಿರುಳು ನೋಡಿಕೊಳ್ಳುವ ಹೊರೆಯೂ ನಮ್ಮ ಸಮಾಜದಲ್ಲಿ ಬೀಳುವುದು ಹೆಂಡತಿ, ಸೊಸೆ, ಮಗಳ ಹೆಗಲಿನ ಮೇಲೆಯೇ. ಹಾಗೆ ನೋಡಿಕೊಳ್ಳುವವರಲ್ಲಿಯೇ ಎಷ್ಟೋ ಮಂದಿ ಖಿನ್ನರಾಗುವರು. ಈಗ ಎಪ್ಪತ್ತೈದು ಎಂಭತ್ತು ವರ್ಷದವರಾಗಿರುವ ಇವರೆಲ್ಲರೂ 1947ರ ಆಸುಪಾಸಿನಲ್ಲಿ ಹುಟ್ಟಿ, ಸ್ವತಂತ್ರ ಭಾರತದ ಶಾಲೆಗಳನ್ನೂ ಅಣೆಕಟ್ಟುಗಳನ್ನೂ ಕಾರ್ಖಾನೆಗಳನ್ನೂ ತಮ್ಮ ದುಡಿಮೆಯಿಂದ ಕಟ್ಟಿದ ತಲೆಮಾರಿನವರು. ರಾಷ್ಟ್ರವು ಅವರಿಗೆ ಋಣಿಯಾಗಿರುವುದು.

ಸರ್ಕಾರದವರು ಕೈಕಟ್ಟಿ ಕುಳಿತಿರುವರೆಂದು ಹೇಳಿದರೆ ಅನ್ಯಾಯವಾದೀತು. ಹಿಂದೆ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯಾಗಿದ್ದುದು ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯವರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ದವಾಖಾನೆಗೆ ಮುಟ್ಟಿಸಿ ತೋರಿಸಿದ ರೀತಿಯೇ 1996ರಲ್ಲಿ ದೇಶಕ್ಕೆಲ್ಲ ಮಾದರಿಯಾಯಿತು. ಕನ್ನಡನಾಡಿಗೆ ಇದು ಹೆಮ್ಮೆಯ ಸಂಗತಿ. ಮನೋಚೈತನ್ಯವೆಂಬ ಹೆಸರಿನಿಂದ ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳುಹಿಸುವ ಏರ್ಪಾಟೂ ಆಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯುಂಟು. 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೆನ್ನದೆ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕು ಸಾಕೆಂಬ ಮಾತು ಹಿರಿಯರ ಬಾಯಿಂದ ಬಂದ ದಿನ ಅದನ್ನು ವೈರಾಗ್ಯವೆಂದು ತಿಳಿಯದೆ ಈ ಸಂಖ್ಯೆಗೆ ಕರೆಮಾಡತಕ್ಕದ್ದು, ಅಥವಾ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಕೊರತೆಯಿರುವುದು ಎಲ್ಲಿ? ಈ ಏರ್ಪಾಟುಗಳಲ್ಲಿ ಹೆಚ್ಚಿನವು ತಾನಾಗಿ ಬಂದ ರೋಗಿಯನ್ನು ಕಾದಿರುವುವು. ಖಿನ್ನತೆಯ ಮೊದಲನೆಯ ಲಕ್ಷಣವಾದರೋ ಎಲ್ಲಿಗೂ ಹೋಗದಿರುವುದು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬಿಸುವ ನಮೂನೆಯಲ್ಲಿ, ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲಿಯೂ ಆಸಕ್ತಿಯಿಲ್ಲದಂತೆ ಆಯಿತೆ, ಮನಸ್ಸು ಕುಗ್ಗಿ ನಿರಾಶೆಯಾಯಿತೆ ಎಂಬ ಎರಡು ಪ್ರಶ್ನೆಗಳೂ, ಹಿರಿಯರ ಮರೆವನ್ನು ಕುರಿತ ಪ್ರಶ್ನೆಯೂ ಇರುವುವು. ಪ್ರಶ್ನೆಯು ಕಾಗದದ ಮೇಲೆ ಬಂದಿತು. ಉತ್ತರವು ‘ಹೌದು’ ಎಂದಾದ ಮೇಲೆ ಆ ಮುದುಕಿಯನ್ನು ಯಾರು, ಯಾವ ದಿನ, ಯಾವ ವಾಹನದಲ್ಲಿ ವೈದ್ಯರ ಬಳಿಗೆ ಕರೆದೊಯ್ಯುವರೆಂಬುದು ಕಾಗದದ ಮೇಲೆ ಬಂದಿಲ್ಲ. ಬಡಾವಣೆಯ ದೊಡ್ಡ ಗೇಟುಗಳ ಹಿಂದೆ ವಾಸಿಸುವವರಾದರೋ ಆಶಾ ಕಾರ್ಯಕರ್ತೆಗೆ ಬಾಗಿಲನ್ನೇ ತೆರೆಯುವುದು ಕಡಿಮೆ.

ಮನೆಯೊಳಗಿನ ಗುಟ್ಟಿನ ವಿಷಯದಲ್ಲಿ ಸರ್ಕಾರಕ್ಕೇನು ಕೆಲಸವೆಂದು ಕೆಲವರು ಕೇಳಬಹುದು. ಸಂತಾನ ನಿಯಂತ್ರಣದ ಮಾತನ್ನು ಎತ್ತುವುದಕ್ಕೂ ಲೋಕವು ಹಿಂಜರಿಯುತ್ತಿದ್ದ 1930ರಲ್ಲಿಯೇ ಅದಕ್ಕಾಗಿ ಸರ್ಕಾರದ ಚಿಕಿತ್ಸಾಲಯಗಳನ್ನು ತೆರೆದ ಸಂಸ್ಥಾನ ಇದು. ಅದಕ್ಕೆ ಹೋಲಿಸಿದರೆ ಮುದುಕರನ್ನು ‘ಮನಸ್ಸು ಹೇಗಿದೆ?’ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಇರಲಾರದು.

ಆದುದರಿಂದ ನಮ್ಮ ಸೂಚನೆ ಇದು. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ತಿಂಗಳಿನಲ್ಲಿ, ತಾವು ಬದುಕಿರುವೆವೆಂಬುದಕ್ಕೆ ಪ್ರಮಾಣಪತ್ರವನ್ನು ಕೊಡಬೇಕಾಗಿರುವುದು. ಬ್ಯಾಂಕು ಖಜಾನೆಗಳ ಮುಂದೆ ಆ ದಿನಗಳಲ್ಲಿ ಕೋಲೂರಿಕೊಂಡು ನಿಂತ ಹಿರಿಯರ ಸಾಲನ್ನು ಎಲ್ಲರೂ ನೋಡಿರುವರು. 2014ರಿಂದ ಈ ಪ್ರಮಾಣವನ್ನು ಗಣಕದ ಮೂಲಕವೂ ಕೊಡಬಹುದಾಗಿದೆ. ಅನುಕೂಲವೇನೋ ಹೌದು, ಆದರೆ ವರ್ಷಕ್ಕೊಮ್ಮೆ ಹಳೆಯ ಸಹೋದ್ಯೋಗಿಗಳ ಮುಖವನ್ನು ನೋಡುತ್ತಿದ್ದ ಅವಕಾಶವೂ ಅದರೊಡನೆ ಹೋಯಿತೆಂದು ನಮಗೆ ವ್ಯಥೆಯುಂಟು. ಸಾಲು ನಿಲ್ಲುವ ಕಡೆಗಳಲ್ಲಿ ಆ ತಿಂಗಳ ಮಟ್ಟಿಗೆ ಒಂದು ಮೇಜು, ಒಬ್ಬ ದಾದಿ. ಮೇಲೆ ಹೇಳಿದ ಎರಡು ಪ್ರಶ್ನೆಗಳು, ಕಿವಿಯ ಒಂದು ಸರಳ ಪರೀಕ್ಷೆ, ನುಂಗುತ್ತಿರುವ ಗುಳಿಗೆಗಳ ಪಟ್ಟಿ. ‘ಹೌದು’ ಎಂದವರಿಗೆ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿಯೋ ತಾಲ್ಲೂಕು ಆಸ್ಪತ್ರೆಯಲ್ಲಿಯೋ ಇಂತಹ ದಿನ ಇಷ್ಟು ಗಂಟೆಗೆ ಬರಬೇಕೆಂದು ಬರೆದ ಚೀಟಿ. ಒಂದು ವಾರದ ಮೇಲೆ, ಹೋದಿರಾ ಎಂದು ಕೇಳುವ ಒಂದು ದೂರವಾಣಿ ಕರೆ. ಉತ್ತರಕ್ಕೂ ಪಿಂಚಣಿಗೂ ಯಾವ ಸಂಬಂಧವೂ ಇರಕೂಡದು, ಉತ್ತರಿಸಲೊಲ್ಲದವರನ್ನು ಬಲವಂತಪಡಿಸಕೂಡದು, ಹೆಸರು ಬ್ಯಾಂಕಿನ ಪುಸ್ತಕಕ್ಕೆ ಏರಕೂಡದು. ಸಂಧ್ಯಾ ಸುರಕ್ಷಾ ಮತ್ತು ವಿಧವಾ ವೇತನವನ್ನು ಪಡೆಯುವವರಿಗೆ ಇದೇ ಏರ್ಪಾಟನ್ನು ನಾಡಕಛೇರಿಯಲ್ಲಿ ಮಾಡಬಹುದು. ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ. ಮೈಸೂರು ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದವರೂ, ವಾಕ್ ಶ್ರವಣ ಸಂಸ್ಥೆಯವರೂ, ಜಿಲ್ಲಾ ಆರೋಗ್ಯಾಧಿಕಾರಿಗಳೂ, ಖಜಾನೆಯವರೂ ಒಂದು ದಿನ ಕುಳಿತು ಮಾತನಾಡಿದರೆ ನಗರದ ಕೆಲವು ಬ್ಯಾಂಕುಗಳಲ್ಲಿಯಾದರೂ ಮೊದಲು ಪ್ರಯೋಗಿಸಿ ನೋಡಬಹುದು. ಎಷ್ಟು ಮಂದಿಗೆ ಚೀಟಿ ಕೊಟ್ಟರು, ಎಷ್ಟು ಮಂದಿ ಆಸ್ಪತ್ರೆಗೆ ಹೋದರು, ಆರು ತಿಂಗಳಾದ ಮೇಲೆ ಅವರ ಸ್ಥಿತಿ ಹೇಗಿತ್ತು ಎಂಬ ಮೂರು ಅಂಕಿಗಳನ್ನು ಮುಂದಿನ ವರ್ಷದ ಸಾಲು ನಿಲ್ಲುವ ಮೊದಲು ಸಾರ್ವಜನಿಕರ ಮುಂದೆ ಇಡತಕ್ಕದ್ದು.